ಗ್ಯಾಸಿಲ್ಲದ ಅಂಜೂರ

ತೊಳೆಯುವ ತೊಟ್ಟಿಯ ಹಿಂದೆ, ಹಳೇ ಗೋಣಿಚೀಲಗಳ ಅಡಿಯಲ್ಲಿ ಉಗ್ರಾಣದ ಯಜಮಾನರಾದ ಮಾವ ಹುಳ ಕೊಲ್ಲುವ ಗ್ಯಾಸಿನ ಎರಡು ಸಿಲಿಂಡರ್ ಬಚ್ಚಿಟ್ಟಿದ್ದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದು ನಂಬಿಕೊಂಡಿದ್ದವರು ಮಾವ ಒಬ್ಬರೇ. ಆ ಗ್ಯಾಸನ್ನು ನಿಷೇಧಿಸಿ ನಾಲ್ಕು ವರ್ಷವಾಗಿತ್ತು. ಅದು ಆಕಾಶದ ಓಜೋನ್ ಪದರವನ್ನು ತಿಂದುಹಾಕುತ್ತದೆ, ಬಳಸುವವರ ನರಗಳನ್ನೂ ಬಿಡುವುದಿಲ್ಲ ಎಂದು ಸುತ್ತೋಲೆ ಬಂದಾಗ ಮಾವ ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ್ದರು. ಆಮೇಲೆ ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ತಕ್ಕಡಿಯ ಕಾಲಿನ ಅಡಿಗೆ ಕೊಟ್ಟಿದ್ದರು.

ಆ ಸೋಮವಾರ ಒಣ ಅಂಜೂರದ ಪೆಟ್ಟಿಗೆಗಳಲ್ಲಿ ಹುಳ ಸಿಕ್ಕಿತು. ಒಂದೆರಡಲ್ಲ. ಹಣ್ಣು ಬಿಡಿಸಿದರೆ ಒಳಗೆ ಬಿಳಿ ಮರಿಹುಳ ಸ್ವಂತ ಮನೆಯೆಂಬಂತೆ ಮಲಗಿತ್ತು. ಪೆಟ್ಟಿಗೆಯ ಮೂಲೆಗಳಲ್ಲಿ ಕಂದು ಹುಳಗಳ ಓಡಾಟ. ಆರುನೂರು ಪೆಟ್ಟಿಗೆ ಮಾಲು, ಇನ್ನು ಹತ್ತು ದಿನಕ್ಕೆ ಲಾರಿ. ಮಾವ ತಮ್ಮ ಅಕ್ಕನ ಮಗಳನ್ನು ಕಚೇರಿಗೆ ಕರೆಸಿ, ದನಿ ತಗ್ಗಿಸಿ, ಇದೊಂದು ಸಲ ಆ ಸಿಲಿಂಡರ್ ತೆಗೆಯೋಣ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ಕಾಗದದಲ್ಲಿ ಬೇರೇನಾದರೂ ಬರೆದರಾಯಿತು ಎಂದರು.

"ಆಗಲ್ಲ ಮಾವ," ಎಂದಳು ಅವಳು.

ಉಗ್ರಾಣದಲ್ಲಿ ಅವಳಿಗೆ ಹುಳದಕ್ಕ ಎಂದು ಹೆಸರು. ಹುಳ ಕೊಲ್ಲುವ ಕೋಣೆ ಅವಳ ಸುಪರ್ದಿನಲ್ಲಿತ್ತು, ಮಾಲು ಶುದ್ಧವಾಗಿದೆ ಎಂಬ ಪತ್ರಕ್ಕೆ ಅವಳದೇ ಸಹಿ ಬೀಳಬೇಕು. ಆದರೆ ಹೆಸರು ಬಂದದ್ದು ಕೊಲ್ಲುವುದರಿಂದಲ್ಲ, ಸಾಕುವುದರಿಂದ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಸೀಸೆಗಳಲ್ಲಿ ಹಿಟ್ಟು ಹಾಕಿ ಅವಳು ಹುಳ ಬೆಳೆಸುತ್ತಿದ್ದಳು. ಹಮಾಲರು ಅದನ್ನು ನೋಡಿ, ನಮ್ಮಮ್ಮ ಕೋಳಿ ಸಾಕಿದ ಹಾಗೆ ಸಾಕ್ತೀಯಲ್ಲಕ್ಕ, ಮೊಟ್ಟೆ ಎಷ್ಟು ಬಂತು ಎಂದು ಕಾಲೆಳೆಯುತ್ತಿದ್ದರು. ಮಾಲಿಗೆ ಮದ್ದು ಹಾಕುವಾಗ ಒಂದೊಂದು ಸೀಸೆಯಲ್ಲಿ ಇಪ್ಪತ್ತು ಹುಳ ಹಾಕಿ, ಬಾಯಿಗೆ ಜಾಲರಿ ಕಟ್ಟಿ, ಪೆಟ್ಟಿಗೆಗಳ ನಡುವೆ ಅಲ್ಲಲ್ಲಿ ಇಡುವುದು ಅವಳ ಪದ್ಧತಿ. ಸೀಸೆಯ ಹುಳ ಸತ್ತರೆ ಹಣ್ಣಿನ ಹುಳವೂ ಸತ್ತಿತು ಎಂದು ಲೆಕ್ಕ. ಅದರಲ್ಲೂ ಅವಳದೊಂದು ಕಟ್ಟುನಿಟ್ಟು ಇತ್ತು. ಹೊರತೆಗೆದ ತಕ್ಷಣ ಸತ್ತಿವೆ ಎಂದು ಎಣಿಸುವ ಹಾಗಿಲ್ಲ. ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು, ಒಂದು ಇಡೀ ದಿನ ಮೈ ಬಿಸಿ ಕೊಟ್ಟು, ಆಮೇಲೆ ಎಣಿಸಬೇಕು. ಹಾಗೆ ಕಟ್ಟಿಕೊಂಡು ಮನೆಗೆ ಹೋದ ದಿನ ಅವಳ ಗಂಡ ಮಂಚದ ಆ ತುದಿಗೆ ಸರಿದು ಮಲಗುತ್ತಿದ್ದ.

ಅವಳು ಆಗಲ್ಲ ಎಂದದ್ದಕ್ಕೆ ಮಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಿತ್ತು. ಅವರು ಮೇಜಿನ ಮೇಲಿನ ಧೂಳು ಒರೆಸುತ್ತಾ ಹೇಳಿದರು: "ನಿನ್ ಕೈಲಾಗದಿದ್ರೆ ಬಿಡು. ನಿಮ್ಮಣ್ಣ ಮಾಡ್ತಾನೆ. ನಾನು ಕೇಳಿದೀನಿ, ಒಪ್ಕೊಂಡಿದಾನೆ."

ಅಣ್ಣ ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಗ್ಯಾಸ್ ಬಿಟ್ಟವನು. ಇಡೀ ಬೀದಿಯಲ್ಲಿ ಅವನಷ್ಟು ಕೈಚಳಕದವನು ಇರಲಿಲ್ಲ. ಈಗ ಅವನ ಕೈ ಅಂಗಿಯ ಗುಂಡಿಯನ್ನು ಹಿಡಿಯುತ್ತಿರಲಿಲ್ಲ. ಚಹಾದ ಲೋಟವನ್ನು ಅರ್ಧವೇ ತುಂಬಿಸಿ ಕೊಡಬೇಕಿತ್ತು. ಗೋಡೆ ಹಿಡಿದು ನಡೆಯುತ್ತಿದ್ದ. ಆ ಗಾಳಿ ಇನ್ನೊಂದು ಸಲ ಒಳಗೆ ಹೋದರೆ ನನ್ನ ಹತ್ತಿರ ಕರೆತರಬೇಡಿ ಎಂದು ಡಾಕ್ಟರು ಅವಳ ಮುಖಕ್ಕೇ ಹೇಳಿದ್ದರು. ಮನೆಯಲ್ಲಿ ಮಾತ್ರ ಗ್ಯಾಸಿನ ಮಾತೇ ಇಲ್ಲ, ಅದಕ್ಕೆ ನರದೌರ್ಬಲ್ಯ ಎಂದೇ ಹೆಸರು. ಮಾವ ಹಾಗೆ ಕರೆದರು, ಅತ್ತಿಗೆ ಹಾಗೆ ಕರೆದಳು, ಎಲ್ಲರಿಗಿಂತ ಹೆಚ್ಚಾಗಿ ಅಣ್ಣನೇ ಹಾಗೆ ಕರೆದುಕೊಂಡ. ನಾಲ್ಕು ವರ್ಷದಿಂದ ಯಾವ ಕೆಲಸಕ್ಕೂ ಯಾರೂ ಕರೆಯದವನನ್ನು ಮಾವ ಬಂದು ಕರೆದರೆ ಅವನು ಒಪ್ಪದೆ ಇರುತ್ತಾನೆಯೇ?

"ನನಗೆ ಹತ್ತು ದಿನ ಕೊಡಿ," ಎಂದಳು ಹುಳದಕ್ಕ. "ಗ್ಯಾಸಿಲ್ಲದೆ ಮಾಡಿ ತೋರಿಸ್ತೀನಿ. ಅಲ್ಲೀವರೆಗೂ ಅಣ್ಣನ್ನ ಈ ಬಾಗಿಲಿಗೆ ಕರ್ಕೊಂಡ್ ಬರಬೇಡಿ."

ಹೇಳುವುದೇನೋ ಹೇಳಿಬಿಟ್ಟಳು. ಗ್ಯಾಸಿಗೆ ಬದಲಿ ಹುಡುಕುವುದರಲ್ಲೇ ಅವಳಿಗೆ ನಾಲ್ಕು ವರ್ಷ ಕಳೆದಿತ್ತು. ಗುಳಿಗೆ ಇಟ್ಟು ಹೊಗೆ ಹಾಕುವ ಇನ್ನೊಂದು ವಿಧಾನ ಇತ್ತು, ಕಾನೂನಿನ ಪ್ರಕಾರವೂ ಸರಿ. ಆದರೆ ಈ ಉಗ್ರಾಣದ ಹುಳಗಳು ಅದಕ್ಕೆ ಎಷ್ಟು ಒಗ್ಗಿಹೋಗಿದ್ದವೆಂದರೆ ಹೋದ ವರ್ಷ ವಾರವಿಡೀ ಗುಳಿಗೆ ಇಟ್ಟ ಮೇಲೂ ಸೀಸೆಯಿಂದ ಅವಳನ್ನೇ ನೋಡುತ್ತಿದ್ದವು. ಬಿಸಿಗಾಳಿ ಕೊಟ್ಟು ನೋಡಿದಳು, ಹುಳದ ಜೊತೆ ಅಂಜೂರವೂ ಕಪ್ಪಾಗಿ ಕರಗಿ ಪೆಟ್ಟಿಗೆಗೆ ಅಂಟಿಕೊಂಡಿತು. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಗುಡಾರದಲ್ಲಿ ಉಸಿರು ಕಟ್ಟಿಸಿ ಕೊಲ್ಲುವುದೂ ಇದೆ ಎಂದಾಗ ಮಾವ, ಮದುವೆ ಶಾಮಿಯಾನ ಹಾಕೋಣ ಬಿಡು ಎಂದು ನಕ್ಕಿದ್ದರು. ಉಳಿದದ್ದು ತಂಪು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಎರಡು ದಿನ ಇಟ್ಟರೆ ಯಾವ ಹುಳವೂ, ಯಾವ ಮೊಟ್ಟೆಯೂ ಬದುಕುವುದಿಲ್ಲ. ಹಣ್ಣಿಗೆ ಏನೂ ಆಗುವುದಿಲ್ಲ.

ಮೂರು ಬೀದಿ ಆಚೆ ಐಸ್‌ಕ್ರೀಮ್ ಕಾರ್ಖಾನೆ ಇತ್ತು. ಚಳಿಗಾಲವಾದ್ದರಿಂದ ಅದರ ದೊಡ್ಡ ಕೋಣೆ ಖಾಲಿ. ಕಾರ್ಖಾನೆಯ ಒಡತಿ, ಹುಳ ಇರುವ ಮಾಲನ್ನು ನನ್ನ ಕೋಣೆಗೆ ತರುತ್ತೀಯಾ ಎಂದು ಮೂಗು ಮುರಿದಳು. ಪ್ರತಿ ಪೆಟ್ಟಿಗೆಗೂ ಎರಡು ಸುತ್ತು ಪ್ಲಾಸ್ಟಿಕ್ ಸುತ್ತುತ್ತೇನೆ, ಒಂದು ಹುಳ ಹೊರಗೆ ಬಂದರೂ ನೀವು ಹೇಳಿದ ಹಾಗೆ ಕೇಳುತ್ತೇನೆ ಎಂದು ಹುಳದಕ್ಕ ಬಾಗಿಲಲ್ಲೇ ನಿಂತಳು. ಒಡತಿ ಎರಡು ಸಲ ಬಾಗಿಲು ಹಾಕಿದಳು, ಮೂರನೇ ಸಲ ಒಳಗೆ ಬಿಟ್ಟಳು. ಅಂದು ಸಂಜೆಯೊಳಗೆ ಆರುನೂರು ಪೆಟ್ಟಿಗೆ, ಅವುಗಳ ನಡುನಡುವೆ ಹುಳದ ಸೀಸೆಗಳು ಒಳಗೆ ಹೋದವು. ಹಮಾಲರು ಸಂದಿಲ್ಲದಂತೆ, ಒಂದರ ಮೇಲೊಂದು ಗೋಡೆ ಕಟ್ಟಿದಷ್ಟು ಬಿಗಿಯಾಗಿ ಜೋಡಿಸಿದರು. ಹುಳದಕ್ಕ ಕೈಯಿಂದ ತಟ್ಟಿ ನೋಡಿ ಭೇಷ್ ಎಂದಳು.

ಐದು ದಿನ ಬಿಟ್ಟು ಸೀಸೆಗಳನ್ನು ತೆಗೆಸಿ ಮಾವನ ಮುಂದೆ ಒಂದೊಂದಾಗಿ ತಟ್ಟೆಯಲ್ಲಿ ಸುರಿದಳು. ಹುಳಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಮಾವನ ಮುಖ ಊರಗಲವಾಯಿತು. ಆಗಲೇ ಲಾರಿಯವನಿಗೆ ಫೋನ್ ಮಾಡಲು ಹೊರಟರು. ಅವಳು ತಡೆದು, ನಾಳೆಯವರೆಗೆ ಇರಿ ಎಂದು ಹುಳಗಳನ್ನು ಮತ್ತೆ ಆಯಾ ಸೀಸೆಗೇ ತುಂಬಿ ಸೊಂಟಕ್ಕೆ ಕಟ್ಟಿಕೊಂಡಳು. ಸತ್ತವರಿಗೆ ಎಂಥ ಆರೈಕೆ ಇದು ಎಂದು ಮಾವ ಸಿಡುಕಿದರು.

ಮರುದಿನ ಅಂಚಿನಲ್ಲಿಟ್ಟ ಸೀಸೆಗಳ ಹುಳಗಳು ಹಾಗೇ ಇದ್ದವು. ನಡುವಿನಲ್ಲಿಟ್ಟ ಮೂರು ಸೀಸೆಗಳ ಹುಳಗಳು ಎದ್ದು, ಮೈ ಕೊಡವಿ, ತಟ್ಟೆಯ ಮೇಲೆ ವಾಯುವಿಹಾರ ಹೊರಟಿದ್ದವು. ಒಂದು ಮಾವನ ಅಂಗಿಯ ತೋಳು ಹತ್ತಿತು. ಮಾವ ಅದನ್ನು ಹೊಸಕಿ ಹಾಕಿ ಎದ್ದರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳೆಲ್ಲ ಐಸ್‌ಕ್ರೀಮ್ ಕಾರ್ಖಾನೆಯಿಂದ ವಾಪಸು ಬಂದು ಗ್ಯಾಸ್ ಕೋಣೆ ಸೇರಿದವು. ಒಂದು ಸಿಲಿಂಡರ್ ಗೋಣಿಯಿಂದ ಹೊರಬಂದು ಬಾಗಿಲ ಪಕ್ಕ ನಿಂತಿತು. ಆಮೇಲೆ ಅಣ್ಣ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಹುಳದಕ್ಕ ಯಾರ ಹತ್ತಿರವೂ ಜಗಳ ಆಡಲಿಲ್ಲ. ಕೋಣೆಯ ಒಳಗೆ ಹೋಗಿ, ಕೊನೆಯ ಸಾಲಿನ ಹಿಂದೆ ಒಂದು ಖಾಲಿ ಪೆಟ್ಟಿಗೆ ಮಗುಚಿ ಹಾಕಿ ಅದರ ಮೇಲೆ ಕೂತಳು. ಬಾಗಿಲು ಮುಚ್ಚುವ ಮುಂಚೆ ಗ್ಯಾಸ್ ಬಿಡುವವನೇ ಕೋಣೆಯಿಡೀ ನಡೆದು, ಯಾರಾದರೂ ಇದೀರಾ ಎಂದು ಕೂಗಿ, ಉತ್ತರ ಬರದೆ ಇದ್ದರೆ ಮಾತ್ರ ಹೊರಗೆ ಹೋಗಬೇಕು. ಇದು ಅಣ್ಣ ಎಂದೂ ಬಿಡದ ಕ್ರಮ. ಅವನು ಗೋಡೆ ಹಿಡಿದುಕೊಂಡು ಕೂಗುತ್ತಾ ಬಂದ.

"ನಾನಿದೀನಿ," ಎಂದಳು ಅವಳು.

ಅಣ್ಣ ನಿಂತ. ಏಳು ಎಂದ. ಅವಳು ಏಳಲಿಲ್ಲ. ತಮಾಷೆ ಸಾಕು, ಮಾವ ಕಾಯುತ್ತಿದ್ದಾರೆ ಎಂದು ಗದರಿದ. ಕಾಯಲಿ ಎಂದಳು. ಸಂಜೆಯವರೆಗೆ ಕೂತಿರುತ್ತೇನೆ, ನಾಳೆಯೂ ಕೂತಿರುತ್ತೇನೆ, ಲಾರಿ ಬಂದು ಹೋಗುವವರೆಗೆ ಇಲ್ಲೇ ಇರುತ್ತೇನೆ, ನಾನು ಒಳಗಿರುವಾಗ ನೀನು ಸಿಲಿಂಡರ್ ತೆಗೆಯುವವನಲ್ಲ ಎಂದಳು. ಅಣ್ಣನಿಗೆ ಎದುರು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಅಣ್ಣ ನಿಧಾನಕ್ಕೆ ನೆಲದ ಮೇಲೆ ಕೂತ. ಕೂರುವುದಕ್ಕೇ ಅವನಿಗೆ ಬಹಳ ಹೊತ್ತು ಬೇಕಾಯಿತು.

"ಹಾಗಾದ್ರೆ ನಾನು ಇಪ್ಪತ್ತೆರಡು ವರ್ಷ ಮಾಡಿದ್ದು ತಪ್ಪೇನೇ?" ಎಂದ.

ಇದೇ ಪ್ರಶ್ನೆಗೆ ಹೆದರಿ ಮನೆಮಂದಿಯೆಲ್ಲ ನಾಲ್ಕು ವರ್ಷ ಸುತ್ತು ಬಳಸಿ ನಡೆದಿದ್ದರು.

"ನೀನು ಮಾಡಿದ್ದು ತಪ್ಪಲ್ಲ ಅಣ್ಣ. ನಿನಗೆ ಯಾರೂ ಹೇಳಲಿಲ್ಲ, ಅದು ತಪ್ಪು. ಈಗ ಗೊತ್ತಿದ್ದೂ ನಿನ್ನನ್ನ ಕರೆದರಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು."

ಅಣ್ಣ ಪೆಟ್ಟಿಗೆಗಳ ಕಡೆ ತಿರುಗಿದ. ಆ ಐಸ್‌ಕ್ರೀಮ್ ಕೋಣೆಯಲ್ಲಿ ಹೇಗೆ ಜೋಡಿಸಿದ್ದೆ ಎಂದು ಕೇಳಿದ. ನೀನು ಕಲಿಸಿದ ಹಾಗೇ, ಬೆರಳು ತೂರದಂತೆ ಎಂದಳು. ಅಣ್ಣ ತಲೆ ಚಚ್ಚಿಕೊಂಡು ನಗತೊಡಗಿದ. ಎಷ್ಟೋ ತಿಂಗಳ ಮೇಲೆ ಅವಳು ಆ ನಗು ಕೇಳಿದ್ದು.

"ಗ್ಯಾಸಿಗೆ ಬಿಗಿ ಬೇಕು ಕಣೆ. ಖಾಲಿ ಜಾಗ ಇದ್ರೆ ಗ್ಯಾಸ್ ದಂಡ, ಅದಕ್ಕೆ ಹಾಗೆ ಕಲಿಸಿದ್ದು. ಅದು ಎಲ್ಲಿ ಬೇಕಾದ್ರೂ ನುಗ್ಗುತ್ತೆ. ತಂಪು ಹಾಗಲ್ಲ, ಅದಕ್ಕೆ ದಾರಿ ಬಿಡಬೇಕು. ನೀನು ಅಂಜೂರಕ್ಕೆ ಕಂಬಳಿ ಹೊದಿಸಿದ್ದೀಯ."

ಅವಳಿಗೆ ನಾಚಿಕೆಯೂ ಆಯಿತು, ತಡೆಯಲಾರದಷ್ಟು ಖುಷಿಯೂ ಆಯಿತು. ನಾಲ್ಕು ದಿನ ಉಳಿದಿದೆ ಎಂದಳು. ಸಾಕು ಎಂದ ಅಣ್ಣ.

ಇಬ್ಬರೂ ಹೊರಬಂದಾಗ ಮಾವ ಬಾಗಿಲಲ್ಲೇ ಇದ್ದರು. ಅಣ್ಣ ಸಿಲಿಂಡರಿನ ಪಕ್ಕದಿಂದ ದಾಟಿ, ಹಮಾಲರನ್ನು ಕರೆದು, ಪೆಟ್ಟಿಗೆಗಳನ್ನೆಲ್ಲ ಮತ್ತೆ ಗಾಡಿಗೆ ಏರಿಸಿ ಎಂದ. ಮಾವ ಆಗ ಕೂಗಾಡಿದರು. ಲಾರಿ ಖಾಲಿ ಹೋದರೆ ಅಣ್ಣ ತಂಗಿ ಇಬ್ಬರೂ ಇತ್ತ ತಲೆ ಹಾಕಬೇಡಿ, ನನ್ನ ಅಕ್ಕನ ಮಕ್ಕಳು ಅನ್ನೋದನ್ನ ಮರೀತೀನಿ ಎಂದರು. ಹುಳದಕ್ಕ ಹೆಗಲ ಮೇಲೆ ಪ್ಲಾಸ್ಟಿಕ್ಕಿನ ಸುರುಳಿ ಹೊತ್ತುಕೊಂಡು, "ಮರೀರಿ ಮಾವ, ಆದ್ರೆ ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದಳು. ಹಮಾಲರು ನಗು ತಡೆಯಲು ಮುಖ ತಿರುಗಿಸಿಕೊಂಡರು.

ಈ ಸಲ ಜೋಡಣೆ ನಡೆದದ್ದು ಅಣ್ಣನ ಮಾತಿನಂತೆ. ಅವನು ಕೋಟಿನ ಮೇಲೆ ಕೋಟು ಹಾಕಿಕೊಂಡು ಐಸ್‌ಕ್ರೀಮ್ ಕೋಣೆಯ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡ. ಸಾಲುಗಳ ನಡುವೆ ಒಂದು ಗೇಣು, ಪೆಟ್ಟಿಗೆ ಪೆಟ್ಟಿಗೆಗಳ ನಡುವೆ ಮರದ ಪಟ್ಟಿ, ಗೋಡೆಯಿಂದ ಒಂದು ಮೊಳ. ಫ್ಯಾನಿನ ಗಾಳಿ ಎಲ್ಲಿ ತಿರುಗುತ್ತದೆಂದು ನೋಡಲು ಒಂದು ದಾರದ ಎಳೆಯನ್ನು ಕೋಲಿಗೆ ಕಟ್ಟಿ ಅಲ್ಲಲ್ಲಿ ಹಿಡಿಸಿದ. ಎಳೆ ಅಲುಗಾಡದ ಕಡೆ ಪೆಟ್ಟಿಗೆ ಸರಿಸಿ ಗಾಳಿಗೆ ದಾರಿ ಮಾಡಿಸಿದ. ಅವನ ಕೈ ನಡುಗಿದರೂ ಕಣ್ಣು ನಡುಗುತ್ತಿರಲಿಲ್ಲ. ಐಸ್‌ಕ್ರೀಮಿನ ಒಡತಿ ಬಂದು ನೋಡಿ, ನಮ್ಮ ಡಬ್ಬಗಳನ್ನೂ ಹೀಗೆ ಇಡಬಾರದೇ ಎಂದು ತನ್ನ ಆಳುಗಳನ್ನು ಬೈದಳು.

ಮೂರು ದಿನದ ಮೇಲೆ ಹುಳದಕ್ಕ ನಡುವಿನ ಸೀಸೆಗಳನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ಹತ್ತನೆಯ ದಿನ ಬೆಳಿಗ್ಗೆ ಲಾರಿ ಬಂದು ಗೇಟಿನಲ್ಲಿ ಹಾರನ್ ಹೊಡೆಯಿತು. ಸೀಸೆ ಕಟ್ಟಿಕೊಂಡು ಒಂದು ದಿನ ತುಂಬಲು ಇನ್ನೂ ಎರಡು ಗಂಟೆ ಇತ್ತು. ಮಾವ ಗೋಗರೆದರು, ಬೈದರು, ಮತ್ತೆ ಗೋಗರೆದರು. ಅವಳು ಜಪ್ಪಯ್ಯ ಎನ್ನಲಿಲ್ಲ. ಎರಡು ಗಂಟೆ ಕಳೆದ ಮೇಲೆ ತಟ್ಟೆಗೆ ಸುರಿದಳು. ಅರವತ್ತು ಹುಳ. ಅಣ್ಣ ಬಗ್ಗಿ, ಅವುಗಳ ಮೇಲೆ ಬಿಸಿಯುಸಿರು ಊದಿ ನೋಡಿದ. ಮಾವ ಪೆನ್ನಿನ ತುದಿಯಿಂದ ಒಂದೊಂದನ್ನೂ ಚುಚ್ಚಿ ನೋಡಿದರು. ಒಂದೂ ಕಾಲು ಅಲ್ಲಾಡಿಸಲಿಲ್ಲ. ಪೆಟ್ಟಿಗೆಗಳಿಂದ ಅಂಜೂರ ತೆಗೆದು ಬಿಡಿಸಿದರು, ಅಲ್ಲಿಯ ಮರಿಹುಳಗಳೂ ಹಾಗೇ. ಅವಳು ಪತ್ರಕ್ಕೆ ಸಹಿ ಹಾಕಿದಳು, ಮಾಲು ಹೋಯಿತು.

ಲಾರಿ ತಿರುವು ದಾಟುವ ಮುಂಚೆಯೇ ಮಾವ ಖರೀದಿದಾರನಿಗೆ ಫೋನ್ ಮಾಡಿ, ಗ್ಯಾಸಾ, ಅದನ್ನ ನಾವು ಎಂದೋ ಬಿಟ್ಟಿದೀವಿ ಸ್ವಾಮಿ, ಈ ತಂಪಿನ ವಿಧಾನ ನನ್ನದೇ ಯೋಚನೆ ಎಂದು ಜಂಬ ಕೊಚ್ಚಿದರು. ಹುಳದಕ್ಕನಿಗೆ ಕೋಪ ಬರಲಿಲ್ಲ, ಹೇಳಿಕೊಳ್ಳಲಿ ಎಂದು ಬಿಟ್ಟಳು. ಆದರೆ ಫೋನ್ ಇಟ್ಟ ಮೇಲೆ ಮಾವ, ಆ ಎರಡು ಸಿಲಿಂಡರ್ ಅಲ್ಲೇ ಇರಲಿ, ಮುಂದಿನ ವರ್ಷ ಏನಾದರೂ ಹೆಚ್ಚು ಕಡಿಮೆಯಾದರೆ ಬೇಕಾಗುತ್ತೆ ಎಂದರು. ಅಷ್ಟಕ್ಕೆ ಅವಳ ಪಿತ್ತ ನೆತ್ತಿಗೇರಿತು. ಹಳೇ ವಿಷವನ್ನು ವಾಪಸು ತೆಗೆದುಕೊಂಡು ಹೋಗುವ ಸರ್ಕಾರಿ ಕಚೇರಿಯ ನಂಬರನ್ನು ಒತ್ತತೊಡಗಿದಳು. ಮಾವ ಕೈ ಅಡ್ಡ ತಂದರು. ಯಾರ ಹೆಸರು ಹೇಳ್ತೀಯ, ಮನೆತನದ ಮರ್ಯಾದೆ ಏನಾಗಬೇಕು ಎಂದರು.

ಅಣ್ಣ ಫೋನನ್ನು ತನಗೆ ಕೊಡು ಎಂದ. ಒಂದು ಕೈಯಲ್ಲಿ ನಿಲ್ಲದ್ದರಿಂದ ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡ. ಎರಡು ಸಿಲಿಂಡರ್ ಇವೆ, ನಾಳೆಯೇ ಬಂದು ತೆಗೆದುಕೊಂಡು ಹೋಗಿ ಎಂದು ವಿಳಾಸ ಹೇಳಿದ. ತಾವ್ಯಾರು ಎಂದು ಆ ಕಡೆಯವರು ಕೇಳಿರಬೇಕು.

"ಇಪ್ಪತ್ತೆರಡು ವರ್ಷ ಅದನ್ನ ಬಿಟ್ಟವನು," ಎಂದ ಅಣ್ಣ. "ಬರೆದುಕೊಳ್ತಾ ಇದೀರಾ? ಹಾಗಾದ್ರೆ ಇನ್ನೊಂದು ಬರೆದುಕೊಳ್ಳಿ. ನನ್ನ ಎರಡೂ ಕೈ ನಡುಗುತ್ತೆ. ನಡೆಯೋಕಾಗಲ್ಲ."

ಯಾತರಿಂದ ಎಂದು ಅವರು ಕೇಳಿದರು. ಅಣ್ಣ ಮಾವನ ಮುಖವನ್ನೇ ನೋಡುತ್ತಾ ಹೇಳಿದ: "ಗ್ಯಾಸಿನಿಂದ."