ಪಾದದಡಿಯ ಚಿಂದಿ

ಸೊಸೆ ಹೊಲಿಗೆ ಮಿಷನ್ನಿನಲ್ಲಿ ಅಂಚು ಬಿಚ್ಚದ ಹಾಗೆ ಹೊಲಿಯುವ ಝಿಗ್‌ಜಾಗ್ ಹಿಡಿಯನ್ನು ಬಲಕ್ಕೆ ಒತ್ತಿದಳು. ಜಪ್ಪಯ್ಯ ಅಂದರೂ ಅದು ಜರುಗಲಿಲ್ಲ. ಅವಳ ಮಡಿಲಲ್ಲಿ ಬಿಳಿ ಹೊದಿಕೆ. ಅಂಗಡಿಯವನು ಹರಿದುಕೊಟ್ಟ ಅಂಚಿನಿಂದ ಆಗಲೇ ನೂಲು ಇಳಿಯುತ್ತಿತ್ತು. ನಡುಮನೆಯಲ್ಲಿ ಅತ್ತೆ ಮಲಗಿದ್ದರು, ಇನ್ನು ಏಳದ ಹಾಗೆ.

"ಗಾಡಿ ಬರೋ ಹೊತ್ತಾಯ್ತು ಕಣೇ," ಅತ್ತೆಯ ಹಿರಿಮಗಳು ಬಾಗಿಲಲ್ಲಿ ನಿಂತು ಅಂದಳು. "ಹಾಗೇ ಹೊದಿಸಿಬಿಡೋಣ. ಅಂಚು ಯಾರು ನೋಡ್ತಾರೆ?"

"ಅತ್ತೆ ನೋಡ್ತಾರೆ, ಅಕ್ಕಾ."

ಹಿರಿಮಗಳು ಅಳುತ್ತಲೇ ನಕ್ಕಳು. ಬಸ್ಸಿನಲ್ಲಿ ಗುರುತುಪರಿಚಯ ಇಲ್ಲದವರನ್ನೂ ಹಿಡಿದು, "ನಿಮ್ಮ ಅಂಚು ಬಿಚ್ಕೊಂಡಿದೆ, ಮನೆಗೆ ಬನ್ನಿ" ಅನ್ನುತ್ತಿದ್ದ ಹೆಂಗಸು ಅತ್ತೆ. ಅಂಥವರನ್ನು ನೂಲು ಇಳಿಯುವ ಬಟ್ಟೆಯಲ್ಲಿ ಕಳಿಸುವುದೇ? ಆದರೆ ಅವರು ಹಾಸಿಗೆ ಹಿಡಿದ ಮೇಲೆ ಮಿಷನ್ನಿನ ಮುಸುಕು ತೆಗೆದವರಿಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು.

ಗಂಡ ಇಕ್ಕಳ ಹಿಡಿದು ಬಂದ. "ಸರಿ ಆಚೆ, ಒಂದೇ ಏಟಿಗೆ ತಿರುಗಿಸ್ತೀನಿ."

"ಮುಟ್ಟಬೇಡಿ!" ಎಂದು ಅವಳು ಕೂಗಿದ್ದು ಬೀದಿಗೂ ಕೇಳಿಸಿತು.

* * *

ಮದುವೆಯಾಗಿ ಬಂದ ಹೊಸತು. ಯಾವುದಾದರೇನು, ಎಣ್ಣೆ ತಾನೇ ಎಂದು ಅವಳು ತಲೆಗೆ ಹಚ್ಚುವ ಎಣ್ಣೆಯನ್ನೇ ಮಿಷನ್ನಿನ ತೂತುಗಳಿಗೆಲ್ಲ ಬಿಟ್ಟಿದ್ದಳು. ಕೆಲವೇ ದಿನಗಳಲ್ಲಿ ಹಿಡಿ ಕಚ್ಚಿಕೊಂಡಿತು. ಅತ್ತೆ ಮುಚ್ಚಳ ಬಿಚ್ಚಿ ಮೂಸಿದರು. ಸೊಸೆ ಹಲ್ಲು ಕಚ್ಚಿಕೊಂಡು ನಿಂತಳು. ತವರಿನಲ್ಲಿ ಲೋಟ ಒಡೆದರೂ ಏಟು.

"ಅಯ್ಯೋ ನನ್ನ ತಾಯೀ, ಮಿಷನ್ನಿಗೂ ಜಡೆ ಹಾಕೋಣ ಅಂತಿದ್ಯಾ?" ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪಕ್ಕಕ್ಕೆ ಇನ್ನೊಂದು ಸ್ಟೂಲು ಎಳೆದರು. "ಕೂತ್ಕೋ. ಕೆಡಿಸಿದ ಕೈಯಲ್ಲೇ ಸರಿಮಾಡು. ಬಲವಂತ ಮಾಡಿದ್ರೆ ಒಳಗೆ ಮುರಿಯತ್ತೆ. ಬಿಸಿ ತೋರ್ಸು, ಮಿಷನ್ ಎಣ್ಣೆ ಎರಡು ತೊಟ್ಟು ಬಿಡು. ಸ್ವಲ್ಪ ಅತ್ತ, ಸ್ವಲ್ಪ ಇತ್ತ. ಮಲಗಿರೋ ಮಗೂನ ಎಬ್ಬಿಸ್ತೀವಲ್ಲ, ಹಾಗೆ."

ಏಟು ಬೀಳಬೇಕಿದ್ದ ದಿನ ಅವಳಿಗೆ ಒಂದು ಕಸುಬು ಸಿಕ್ಕಿತು. ಆ ಸ್ಟೂಲು ಮತ್ತೆ ಒಳಕ್ಕೆ ಹೋಗಲೇ ಇಲ್ಲ.

* * *

"ಅಕ್ಕಾ, ನಿಮ್ಮ ಹೇರ್ ಡ್ರೈಯರ್ ಕೊಡಿ," ಸೊಸೆ ಪಕ್ಕದ ಮನೆಯಾಕೆಯನ್ನು ಕೇಳಿದಳು.

"ಸಾವಿನ ಮನೇಲಿ ತಲೆ ಒಣಗಿಸ್ಕೋತಾರೇನಮ್ಮಾ?" ಆಕೆ ಬೆರಗಾದಳು.

"ತಲೆ ಅಲ್ಲ, ಮಿಷನ್ನು."

ಹಿರಿಮಗಳು ಬಿಸಿಗಾಳಿ ಹಿಡಿದಳು. ಗಂಡ ಇಕ್ಕಳ ಜೇಬಿಗಿಳಿಸಿ ಎಣ್ಣೆ ಬಿಟ್ಟ. ಸೊಸೆ ಒಂದೇ ಬೆರಳಿನಿಂದ ಅತ್ತ, ಇತ್ತ ಆಡಿಸಿದಳು. ಹೊರಗೆ ಗಾಡಿ ಹಾರ್ನ್ ಮಾಡಿತು.

"ಸ್ವಲ್ಪ ತಾಳಪ್ಪಾ," ಗಂಡ ಕಿಟಕಿಯಿಂದ ಕೂಗಿದ. "ಅಮ್ಮ ಇನ್ನೂ ರೆಡಿ ಆಗಿಲ್ಲ!"

ಹಿಡಿ ಕೊಂಚ ಅಲುಗಿತು. ಇನ್ನಷ್ಟು ಅಲುಗಿತು. ಆಮೇಲೆ ಸರಾಗವಾಗಿ ಜರುಗಿತು.

ಬಟ್ಟೆ ಒತ್ತಿಹಿಡಿಯುವ ಪಾದವನ್ನು ಅವಳು ಎತ್ತಿದಳು. ಅಡಿಯಲ್ಲಿ ಒಂದು ಚಿಂದಿ. ಮಿಷನ್ ಮುಚ್ಚುವಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜದಿರಲೆಂದು ಅತ್ತೆ ತಪ್ಪದೆ ಇಟ್ಟು ಹೋಗುತ್ತಿದ್ದದ್ದು. ಅದರ ಮೇಲೆ ಅವರ ಕೊನೆಯ ಹೊಲಿಗೆಯ ಸಾಲು. ನಡುವೆ ಕೈ ನಡುಗಿ ಸೊಟ್ಟಗಾಗಿ, ಮತ್ತೆ ನೆಟ್ಟಗಾಗಿತ್ತು. ಹೊಸ ಬಟ್ಟೆಗೆ ಮೊದಲು ಚಿಂದಿಯಲ್ಲಿ ಪರೀಕ್ಷೆ ಎಂಬುದೂ ಅವರದೇ ಪಾಠ. ಸೊಸೆ ಆ ಸಾಲಿನ ಪಕ್ಕದಲ್ಲೇ ತನ್ನದೊಂದು ಸಾಲು ಓಡಿಸಿದಳು, ಆಮೇಲೆ ಹೊದಿಕೆಯ ನಾಲ್ಕೂ ಅಂಚು ಮುಗಿಸಿದಳು.

ಹಿರಿಮಗಳು ಅಂಚಿನ ಮೇಲೆ ಬೆರಳಾಡಿಸಿದಳು. "ಅಮ್ಮ ಒಪ್ತಾಳೆ ಕಣೇ."

ಸೊಸೆ ಹೊದಿಸಿ ಅತ್ತೆಯ ಕಿವಿಯ ಹತ್ತಿರ ಬಾಗಿದಳು. "ಅತ್ತೇ, ಇದು ಬಿಚ್ಚಲ್ಲ. ಹೋಗಿ ಬನ್ನಿ."

ಎಲ್ಲರೂ ಗಾಡಿ ಹತ್ತುವಾಗ ಅವಳು ಮಾತ್ರ ಒಳಗೆ ಓಡಿದಳು. ಎರಡು ಸಾಲಿನ ಆ ಚಿಂದಿಯನ್ನು ಪಾದದಡಿಗೆ ಇಟ್ಟು, ಪಾದವನ್ನು ಮೆಲ್ಲಗೆ ಇಳಿಸಿದಳು.