ಸಿಟ್ಟಿನ ತೋಳು

ಐಸ್‌ಲ್ಯಾಂಡಿನ ಪಡುವಣ ಕರಾವಳಿಯ ಊರೊಂದರಲ್ಲಿ ಒಂದು ಹೊಲಿಗೆ ಕೂಟವಿದೆ. ಅಲ್ಲಿ ಯಾರೂ ಹೊಲಿಯುವುದಿಲ್ಲ. ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ; ಮನೆಯೊಡತಿ ಏಳು ಬಗೆಯ ಕೇಕು ಮಾಡಿ ಮುಂದಿಡುತ್ತಾಳೆ; ಉಳಿದವರು ಊರಿನ ಸುದ್ದಿಯನ್ನು ಬಿಚ್ಚಿ, ಹರಿದು, ತೇಪೆ ಹಾಕಿ ಮನೆಗೆ ಹೋಗುತ್ತಾರೆ. ಅಷ್ಟರಮಟ್ಟಿಗೆ ಹೊಲಿಗೆಯೇ. ಕೂಟ ಶುರುವಾದಂದಿನಿಂದ ಅದರೊಳಗೆ ಕಾಲಿಟ್ಟ ಒಂದೇ ಒಂದು ಕಸುಬಿನ ಸಾಮಾನೆಂದರೆ, ಕೇಕು ಬೆಂದಿದೆಯೇ ಎಂದು ಚುಚ್ಚಿ ನೋಡಲು ಮುದುಕಿ ಹೆರ್ದಿಸ್ ತಂದಿದ್ದ ಹೆಣಿಗೆ ಕಡ್ಡಿ.

ಈ ಕೂಟದ ಜೀವಾಳ ಸಾಲ್ವೋರ್. ಊರಿನ ಬಿಸಿನೀರಿನ ಈಜುಕೊಳದ ಬಾಗಿಲಲ್ಲಿ ಚೀಟಿ ಕೊಡುವುದು ಅವಳ ಕೆಲಸ. ಚೀಟಿ ಕೊಡುತ್ತಾ ಬಂದವರ ದನಿ, ನಡಿಗೆ, ಕೆಮ್ಮುಗಳನ್ನೆಲ್ಲ ಸದ್ದಿಲ್ಲದೆ ಕದ್ದಿಟ್ಟುಕೊಂಡು ಕೂಟದಲ್ಲಿ ಆಡಿ ತೋರಿಸುತ್ತಿದ್ದಳು. ಬಿಸಿನೀರಿಗೆ ಕಾಲಿಡುವಾಗ ಪಾದ್ರಿಯವರು ದೇವರನ್ನು ನೆನೆಯುವ ರೀತಿ, ಹೆಂಗಸರು ಎದುರಾದರೆ ಬ್ಯಾಂಕಿನ ಮ್ಯಾನೇಜರು ಹೊಟ್ಟೆಯನ್ನು ಒಳಗೆಳೆದುಕೊಂಡು ಅದು ಮತ್ತೆ ಹೊರಬರುವವರೆಗೆ ಉಸಿರು ಬಿಡದೆ ನಡೆಯುವ ರೀತಿ. ನಕ್ಕು ನಕ್ಕು ಕಾಫಿ ಮೂಗಿಗೇರಿಸಿಕೊಳ್ಳದವರು ಕೂಟದಲ್ಲಿ ಯಾರೂ ಇರಲಿಲ್ಲ.

ಆದರೆ ಸಾಲ್ವೋರ್ ಶುರು ಮಾಡಿದ್ದನ್ನು ಮುಗಿಸಿದ್ದನ್ನು ಕಂಡವರೂ ಯಾರೂ ಇರಲಿಲ್ಲ. ಅವಳ ಮನಸ್ಸು ಬಂದರಿನ ಕಡಲಹಕ್ಕಿಯ ಹಾಗೆ. ಒಂದು ಕಂಬದ ಮೇಲೆ ಕೂತ ಕೂಡಲೇ ಪಕ್ಕದ ಕಂಬವೇ ಚೆನ್ನಾಗಿ ಕಾಣುತ್ತಿತ್ತು. ಮಂಚದ ಪಕ್ಕ, ಅರ್ಧದಲ್ಲಿ ಪುಟದ ಮೂಲೆ ಮಡಿಚಿಟ್ಟ ಪುಸ್ತಕಗಳ ಗುಡ್ಡೆ. ಇಟಾಲಿಯನ್ ಕಲಿಯಲು ಹೊರಟು 'ಶುಭೋದಯ'ದವರೆಗೆ ಹೋಗಿ ನಿಂತಿದ್ದಳು, ಮಧ್ಯಾಹ್ನವಾಗಲೇ ಇಲ್ಲ. ಹೆಣಿಗೆಯ ಕಥೆಯಂತೂ ಗಂಡ ಕೇಟಿಲ್‌ಗೆ ಬಲು ಉಪಕಾರವಾಗಿತ್ತು. ಅರ್ಧಕ್ಕೆ ನಿಂತ ಒಂದು ಸ್ವೆಟರಿನ ಮೈ ಅವನ ದೋಣಿಯ ಮೋಟಾರಿಗೆ ಹೊದಿಕೆ. ಒಂಟಿ ತೋಳೊಂದು ಮೀನಿನ ಗಾಳದ ಕೋಲಿಗೆ ಚೀಲ. ಕಾಫಿ ಕೆಟಲಿಗೊಂದು ಟೋಪಿ. ಅದು ಮೂಲತಃ ಕಾಲುಚೀಲವಾಗಬೇಕಿತ್ತು. ಹೀಗೆ ಮನೆಯ ನಿರ್ಜೀವ ವಸ್ತುಗಳೆಲ್ಲ ಉಣ್ಣೆ ಹೊದ್ದು ಬೆಚ್ಚಗಿದ್ದವು, ಕೇಟಿಲ್ ಒಬ್ಬನನ್ನು ಬಿಟ್ಟು.

ಒಂದು ಬೇಸಿಗೆಯ ಮೊದಲ ಕೂಟದಲ್ಲಿ, ಶಾಲೆಯ ಅಡುಗೆಮನೆಯ ಯಜಮಾನಿ ಒಡ್ನಿ, ಸಾಲ್ವೋರ್‌ಳ ಬಾಲ್ಯದ ಗೆಳತಿ, ಬಾಯಿಗೆ ಬೀಗವಿಲ್ಲದವಳು, ಇದಕ್ಕೇ ಕೈ ಹಾಕಿದಳು.

"ಅಲ್ಲ ಕಣೇ, ಬೆಟ್ಟದಿಂದ ಕುರಿ ಇಳಿಸೋ ದಿನ ಊರಿನ ಗಂಡಸರೆಲ್ಲ ಮನೇಲಿ ಹೆಣೆದ ಸ್ವೆಟರ್ ಹಾಕ್ಕೊಂಡು ಬರ್ತಾರೆ. ನಿನ್ ಕೇಟಿಲ್ ಒಬ್ಬ ಅಂಗಡಿಯ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಜಾಕೆಟ್ಟು! ಕುರಿಗಳು ಅವನನ್ನ ರಸ್ತೆ ರಿಪೇರಿಯೋನು ಅಂದ್ಕೊಂಡು ಸುತ್ತು ಹಾಕ್ಕೊಂಡು ಹೋಗ್ತವೆ."

"ನಾನು ಶುರು ಮಾಡಿದೀನಿ," ಅಂದಳು ಸಾಲ್ವೋರ್.

"ಶುರು ಮಾಡೋದ್ರಲ್ಲಿ ನಿನ್ನ ಮೀರಿಸೋರು ಯಾರಿದಾರೆ ಮಾರಾಯ್ತಿ? ನಿಮ್ಮನೇಲಿ ಶುರುವಾಗಿ ಮುಗಿಯೋದು ಕೇಕ್ ಒಂದೇ. ಅದನ್ನೂ ಮುಗಿಸೋದು ನಾವು."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಒಡ್ನಿ ಎದ್ದು ನಿಂತಳು. ಎರಡು ಫೋರ್ಕುಗಳನ್ನು ಹೆಣಿಗೆ ಕಡ್ಡಿಯಂತೆ ಹಿಡಿದಳು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, "ಇದೊಂದ್ ಸುತ್ತು ಮುಗ್ಸಿಬಿಡ್ತೀನಿ... ಅಯ್ಯೋ, ಫೋನು!... ಎಲ್ಲಿದ್ದೆ ನಾನು?... ಹೊರಗೆ ಯಾರೋ ಹೋದ ಹಾಗಾಯ್ತಲ್ಲ..." ಎನ್ನುತ್ತಾ ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಕೊನೆಗೆ ಫೋರ್ಕುಗಳನ್ನು ಹೂದಾನಿಯಲ್ಲಿ ಮರೆತು ಬಂದು ಕೂತಳು. ಸಾಲ್ವೋರ್ ಸಾಕ್ಷಾತ್ ಸಾಲ್ವೋರ್! ಹೆಂಗಸರು ಮೇಜು ಬಡಿದು ನಕ್ಕರು. ಹೆಂಡತಿಗೆ ಕೋಟು ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಕೇಟಿಲ್ ಎಲ್ಲರಿಗಿಂತ ಹೆಚ್ಚು ನಕ್ಕ.

ಊರನ್ನೆಲ್ಲ ಅಣಕಿಸಿದವಳಿಗೆ ಅಣಕದ ರುಚಿ ಹೇಗಿರುತ್ತದೆಂದು ಅವತ್ತು ತಿಳಿಯಿತು. ಸಿಹಿ ಸಾಲದು.

"ಪಂದ್ಯ!" ಅಂದಳು ಸಾಲ್ವೋರ್. "ಕುರಿ ಇಳಿಯೋ ದಿನಕ್ಕೆ ಕೇಟಿಲ್ ಮೈಮೇಲೆ ಪೂರ್ತಿ ಸ್ವೆಟರ್ ಇರತ್ತೆ. ಇಲ್ಲದಿದ್ರೆ ಚಳಿಗಾಲದ ಕೂಟ ಪೂರ್ತಿ ನಮ್ಮನೇಲೇ, ಏಳೇಳು ಕೇಕು. ಇದ್ರೆ ಪೂರ್ತಿ ನಿಮ್ಮನೇಲಿ."

"ಬೆಣ್ಣೆ ಈಗ್ಲೇ ತಂದಿಟ್ಕೋ," ಅಂದಳು ಒಡ್ನಿ.

ಸಾಲ್ವೋರ್‌ಗೆ ಕೇಕಿನ ಭಯವಿರಲಿಲ್ಲ. ಒಡ್ನಿ ಆಡಿದ್ದೇ ತನ್ನ ನಿಜವಾದ ಚಿತ್ರವಾಗಿಬಿಟ್ಟರೆ ಎಂಬ ಭಯ. ಐವತ್ತಾರನೇ ವಯಸ್ಸಿಗೆ ಮನುಷ್ಯರಾದವರು ಒಂದನ್ನಾದರೂ ಕೊನೆ ಮುಟ್ಟಿಸಿರಬೇಡವೇ?

ಮರುದಿನವೇ ಹಲ್ಲು ಕಚ್ಚಿ ಕೂತಳು. ಮೊದಲು ಬಲತೋಳು. ಕುಣಿಕೆಗೊಮ್ಮೆ ಒಡ್ನಿಯ ಮುಖ ನೆನಪಾಗುತ್ತಿತ್ತು. ನೆನಪಾದಾಗಲೆಲ್ಲ ನೂಲನ್ನು ಜಗ್ಗಿ ಎಳೆಯುತ್ತಿದ್ದಳು. "ಬೆಣ್ಣೆ ತಂದಿಟ್ಕೋಬೇಕಂತೆ!" ಜಗ್ಗು. "ಎಲ್ಲಿದ್ದೆ ನಾನು ಅಂತೆ!" ಇನ್ನೊಂದು ಜಗ್ಗು. ಸುತ್ತಿನ ನಡುವೆ ಫೋನು ಕಿಣಿಗುಟ್ಟುತ್ತಿತ್ತು, ಎದ್ದು ಬರುವಷ್ಟರಲ್ಲಿ ಕುಣಿಕೆ ಜಾರಿರುತ್ತಿತ್ತು, ಬಿಚ್ಚಿ ಮತ್ತೆ ಹಾಕಬೇಕಾಗುತ್ತಿತ್ತು. ತೋಳು ಮುಗಿಯಿತು, ನಿಜ. ಆದರೆ ಅವಳ ಕತ್ತು, ಭುಜ, ಸಮಾಧಾನ ಎಲ್ಲವೂ ಅದರ ಜೊತೆಗೇ ಮುಗಿದಿದ್ದವು.

ಈಜು ಮುಗಿಸಿ ಹೊರಟಿದ್ದ ಹೆರ್ದಿಸ್, ಕೊಳದ ಬಾಗಿಲಲ್ಲಿ ಎಡತೋಳಿಗೆ ಕುಣಿಕೆ ಹಾಕುತ್ತಾ ಕೂತಿದ್ದ ಅವಳನ್ನು ನೋಡಿ ನಿಂತಳು. ಎಂಬತ್ತು ದಾಟಿದ ಹೆರ್ದಿಸ್‌ಗೆ ಎಲ್ಲರೂ ಮಕ್ಕಳೇ.

"ಯಾರ ಕುತ್ತಿಗೆ ಹಿಸುಕ್ತಾ ಇದೀಯೇ ಮಗು?"

"ಹೆಣೀತಾ ಇದೀನಿ, ಹೆರ್ದಿಸ್."

"ಹಂಗಾ! ಕಡ್ಡಿ ಹಿಡಿದಿರೋದು ನೋಡಿದ್ರೆ ಕೊಲೆಗೆ ಹೊರಟ ಹಂಗಿದೆ. ಆ ಫೋನನ್ನ ನಿನ್ ಕೋಟಿನ ಜೇಬಿಗೆ ಹಾಕು. ಕೋಟನ್ನ ಆಚೆ ಗೂಟಕ್ಕೆ ಹಾಕು. ಬಂದೋರ ಹತ್ರ ಮಾತಾಡು. ಕೈ ತಾನಾಗೇ ನಡಿಯತ್ತೆ, ನೀನು ಕಾವಲು ಕಾಯಬೇಡ."

ಕೋಟು ಗೂಟಕ್ಕೆ ಹೋಯಿತು. ಒಂದೆರಡು ದಿನ ಸಾಲ್ವೋರ್‌ಳ ಕಿವಿ ಗೂಟದ ಕಡೆಗೇ ಇತ್ತು. ಆಮೇಲೆ, ಯಾವತ್ತು ಎಂದು ಅವಳಿಗೂ ಗೊತ್ತಿಲ್ಲ, ಕೈಗೆ ಕೆಲಸ ಸಿಕ್ಕಿದ ಮೇಲೆ ತಲೆಯೊಳಗಿನ ಹಕ್ಕಿ ಕಂಬದ ಮೇಲೆ ಸುಮ್ಮನೆ ಕೂತಿತು. ಬೂದುಬಣ್ಣದ ಉಣ್ಣೆಯಲ್ಲಿ ಕುರಿಯ ವಾಸನೆ ಇನ್ನೂ ಇತ್ತು. ಸುತ್ತು ಸುತ್ತಿಗೆ ತೋಳು ಉದ್ದವಾಗುವುದು ನೋಡಲು ಮಜವಾಗಿತ್ತು. ಇನ್ನೂ ವಿಚಿತ್ರವೆಂದರೆ, ಜನರ ಮಾತು ಈಗ ಅವಳಿಗೆ ಪೂರ್ತಿ ಕೇಳಿಸತೊಡಗಿತು. ಮ್ಯಾನೇಜರು ಹೊಟ್ಟೆಯ ಬಗ್ಗೆ ನಾಚಿಕೊಳ್ಳುವುದರ ಹಿಂದೆ ಒಂದು ಆಪರೇಷನ್ನಿನ ಕಥೆಯಿತ್ತು. ಅದನ್ನು ಕೇಳಿದ ಮೇಲೆ ಆ ಅಣಕ ಅವಳಿಗೇ ಸಪ್ಪೆಯೆನಿಸಿ ಪಟ್ಟಿಯಿಂದ ಬಿಟ್ಟಳು. ಪಾದ್ರಿಯವರದು ಮಾತ್ರ ಉಳಿಯಿತು. ಅದು ಅಷ್ಟು ಚೆನ್ನಾಗಿತ್ತು.

ಒಂದು ಸಂಜೆ ಮನೆಯಲ್ಲಿ ಎಡತೋಳು ಹೆಣೆಯುತ್ತಾ ಕೂತಿದ್ದಾಗ ಕೇಟಿಲ್ ತನ್ನ ಚಪ್ಪಟೆ ಮೀನಿನ ಕಥೆ ತೆಗೆದ. ಅದು ಊರಿಗೇ ಗೊತ್ತಿರುವ ಕಥೆ: ಕೇಟಿಲ್‌ಗೆ ಇಪ್ಪತ್ತರ ಹರೆಯದಲ್ಲಿ ಬಾಗಿಲಿನಷ್ಟು ದೊಡ್ಡ ಮೀನು ಗಾಳಕ್ಕೆ ಬಿತ್ತು. ಅಲ್ಲಿಗೆ ಕೇಳುಗರೆಲ್ಲ ಏಳುತ್ತಿದ್ದರು. ಸಾಲ್ವೋರ್‌ಳಂತೂ ಮೀನು ಬಾಯಿ ತೆರೆಯುವ ಮೊದಲೇ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಇವತ್ತು ಏಳಲಾಗಲಿಲ್ಲ, ಸುತ್ತಿನ ಅರ್ಧದಲ್ಲಿದ್ದಳು.

"...ಎಳೀತು, ಎಳೀತು, ದೋಣೀನೇ ತಿರುಗಿಸ್ತು. ಗಂಟೆಗಟ್ಲೆ. ಇನ್ನೇನು ಸುಸ್ತಾಗಿ ಮೇಲೆ ಬರ್ಬೇಕು..."

"ಬಂತಾ?"

ಕೇಟಿಲ್ ಬೆಚ್ಚಿದ. ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಇಲ್ಲ. ಹಗ್ಗ ಕತ್ತರಿಸಿಬಿಟ್ಟೆ."

"ಯಾಕೋ?!"

"ಹೊತ್ತಾಗ್ತಿತ್ತು. ಅವತ್ತು ಸಂಜೆ ಮೀನು ಕಾರ್ಖಾನೆ ಅಂಗಳದಲ್ಲಿ ಡ್ಯಾನ್ಸ್ ಇತ್ತಲ್ಲ. ಕೆಂಪು ರಿಬ್ಬನ್ ಕಟ್ಕೊಂಡು ಪಾದ್ರಿ ಥರ ಮಾತಾಡಿ ಎಲ್ರನ್ನೂ ನಗಿಸ್ತಿದ್ದ ಹುಡುಗಿ ಒಬ್ಳು ಬರ್ತಾಳೆ ಅಂತ ಕೇಳಿದ್ದೆ."

ಕಡ್ಡಿಗಳು ನಿಂತವು. ಇಷ್ಟು ವರ್ಷ ಅವಳು ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದ ಮೀನಿನ ಕಥೆಯ ಕೊನೆಯಲ್ಲಿ ಅವಳೇ ಕೂತಿದ್ದಳು.

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳ್ತಾನೇ ಇದ್ನಲ್ಲ. ನೀನು ಅಡುಗೆಮನೇಲಿರ್ತಿದ್ದೆ."

ಸಾಲ್ವೋರ್ ಮತ್ತೆ ಹೆಣೆದಳು. ಮೈಯಾಯಿತು, ತೋಳುಗಳನ್ನು ಮೈಗೆ ಕೂಡಿಸಿದ್ದಾಯಿತು, ಕತ್ತಿನ ಸುತ್ತ ಬಿಳಿ ಕಪ್ಪು ಚಿತ್ತಾರವೂ ಬಂತು. ಕುರಿ ಇಳಿಸುವ ದಿನದ ಹಿಂದಿನ ದಿನ ಬೆಳಗ್ಗೆ ಸ್ವೆಟರು ಮುಗಿಯಿತು. ನಿಜವಾಗಿಯೂ ಮುಗಿಯಿತು! ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಳು, ಆಮೇಲೆ ಕೇಟಿಲ್‌ಗೆ ತೊಡಿಸಿದಳು.

ಎಡತೋಳು ಧಾರಾಳವಾಗಿ ಬೆರಳಿನ ಗೆಣ್ಣಿನವರೆಗೆ ಇಳಿದು ಬಂತು. ಬಲತೋಳು ಮಣಿಕಟ್ಟಿನ ಮೇಲೆಯೇ ನಿಂತು, ಇನ್ನು ಬರುವುದಿಲ್ಲ ಎಂದಿತು. ಕೇಟಿಲ್ ಮೊಣಕೈ ಮಡಿಸಲು ನೋಡಿದ. ಆಗಲಿಲ್ಲ. ಕೈ ಕೋಲಿನಂತೆ ಮುಂದಕ್ಕೆ ಚಾಚಿಕೊಂಡೇ ಇತ್ತು.

ಸಾಲ್ವೋರ್ ಸುತ್ತುಗಳನ್ನು ಎಣಿಸಿದಳು. ಎರಡರಲ್ಲೂ ಸಮ. ಒಂದೇ ಉಣ್ಣೆ, ಒಂದೇ ಕಡ್ಡಿ. ಬೇರೆಯಾಗಿದ್ದದ್ದು ಕೈ ಮಾತ್ರ: ಒಂದನ್ನು ಹಲ್ಲು ಕಚ್ಚಿ ಹೆಣೆದಿದ್ದಳು, ಇನ್ನೊಂದನ್ನು ಹಲ್ಲು ಬಿಡುತ್ತಾ.

"ಏನೂ ಆಗಲ್ಲ ಬಿಡು," ಅಂದ ಕೇಟಿಲ್, ಚಾಚಿದ ಕೈಯಲ್ಲೇ. "ಎದುರಿಗೆ ಬಂದೋರಿಗೆಲ್ಲ ಕೈ ಕುಲುಕ್ತಾ ಇರ್ತೀನಿ. ಪಂದ್ಯ ಗೆದ್ದೆ ತಾನೆ?"

ಗೆದ್ದಿದ್ದಳು. ಪೂರ್ತಿ ಸ್ವೆಟರ್ ಎಂಬುದಷ್ಟೇ ಪಂದ್ಯ; ಮೈಯಿತ್ತು, ಎರಡು ತೋಳೂ ಇತ್ತು. ಸಾಲ್ವೋರ್ ಆ ಬಿಗಿದ ತೋಳನ್ನು ತುಸು ಹೊತ್ತು ನೋಡಿದಳು, ಸ್ವೆಟರನ್ನು ಬಿಚ್ಚಿಸಿದಳು, ಕತ್ತರಿ ತಂದಳು.

"ಏಯ್! ಏನ್ ಮಾಡ್ತಿದೀಯೇ? ಮುಗಿದಿತ್ತಲ್ಲೇ!"

"ಈ ತೋಳು ಒಡ್ನಿಗೆ ಹೆಣೆದಿದ್ದು ಕಣೋ. ಅವಳ ತೋಳಲ್ಲಿ ನಿನಗೇನು ಕೆಲಸ?"

ಭುಜದ ಹತ್ತಿರ ಕತ್ತರಿಸಿ, ಕುಣಿಕೆಗಳನ್ನು ಚಿಕ್ಕ ಕಡ್ಡಿಗಳಿಗೆ ಎತ್ತಿಕೊಂಡು, ಮೇಲಿನಿಂದ ಕೆಳಕ್ಕೆ ಹೊಸ ತೋಳು ಶುರು ಮಾಡಿದಳು. ಒಂದು ದಿನದಲ್ಲಿ ಮುಗಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬೆಣ್ಣೆ ತರಬೇಕು ಎಂದುಕೊಂಡಳು, ನಗು ಬಂತು.

ಮರುದಿನ ಬೆಟ್ಟದಿಂದ ಕುರಿಗಳು ಹೊಳೆಯಂತೆ ಇಳಿದವು. ಕಲ್ಲಿನ ದೊಡ್ಡಿಯ ಸುತ್ತ ಊರೇ ನೆರೆದಿತ್ತು. ಗಂಡಸರು, ಹೆಂಗಸರು ಕಿವಿಯ ಗುರುತು ನೋಡಿ ತಂತಮ್ಮ ಕುರಿಯ ಕೊಂಬು ಹಿಡಿದು ಎಳೆಯುತ್ತಿದ್ದರು. ದೊಡ್ಡಿಯ ಗೋಡೆಗೆ ಒರಗಿ ಕೇಟಿಲ್ ನಿಂತಿದ್ದ. ಮೈಮೇಲೆ ಸ್ವೆಟರು, ಎಡತೋಳು ಪೂರ್ತಿ, ಬಲತೋಳು ಮೊಣಕೈವರೆಗೆ. ಅಲ್ಲಿಂದ ಕಡ್ಡಿಗಳು ಮುಳ್ಳುಹಂದಿಯ ಹಾಗೆ ಸುತ್ತಲೂ ಚಾಚಿದ್ದವು. ಸಾಲ್ವೋರ್ ಗೋಡೆಯ ಮೇಲೆ ಕೂತು, ಗಂಡನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆಯೇ ಹೆಣೆಯುತ್ತಿದ್ದಳು.

ಒಡ್ನಿ ಜನರನ್ನು ಸೀಳಿಕೊಂಡು ಬಂದಳು. "ಬನ್ರೇ, ನೋಡ್ರೇ! ಒಂದೂವರೆ ತೋಳು! ನಾನು ಹೇಳ್ಲಿಲ್ವಾ? ಏಳು ಕೇಕು ಸಾಲ್ವೋರ್, ಕೇಳಿಸ್ತಾ? ಏಳು!"

ಸಾಲ್ವೋರ್ ತಲೆಯೆತ್ತಲಿಲ್ಲ.

"ಏನೇ, ಕಿವಿಗೂ ಉಣ್ಣೆ ತುಂಬ್ಕೊಂಡಿದೀಯಾ?"

"ಹ್ಞಾಂ? ಇರು, ಈ ಸುತ್ತೊಂದು ಮುಗೀಲಿ."

ಅಣಕಿಸುವವರಿಗೆ, ತಮ್ಮ ಅಣಕ ತಾಗದೆ ಹೋಗುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಒಡ್ನಿ ಫೋರ್ಕಿಲ್ಲದೆಯೇ ಒಮ್ಮೆ ಆಡಿ ನೋಡಿದಳು: ತಲೆ ವಾಲಿಸಿ, "ಎಲ್ಲಿದ್ದೆ ನಾನು..." ಎಂದಳು. ಯಾರೂ ನಗಲಿಲ್ಲ. ಸಾಲ್ವೋರ್ ಇಲ್ಲೇ ಇದ್ದಳಲ್ಲ; ಎಲ್ಲರಿಗೂ ಕಾಣುತ್ತಿತ್ತು.

ಅಷ್ಟರಲ್ಲಿ ಕರಿಮೂತಿಯ ಕುರಿಯೊಂದು ಹೊರಗಿನಿಂದ ಗೋಡೆ ಹಾರಿತು. ನೆಲದಲ್ಲಿದ್ದ ಉಣ್ಣೆಯುಂಡೆ ಅದರ ಕಾಲಿಗೆ ಸಿಕ್ಕಿ ದೊಡ್ಡಿಯೊಳಗೆ ಓಡಿತು. "ನೂಲು!" ಎಂದು ಕೇಟಿಲ್ ಕೂಗಿದ, ಆದರೆ ಕದಲುವಂತಿರಲಿಲ್ಲ. ಓಡಿದ್ದು ಒಡ್ನಿ. ಯಾಕೆ ಓಡಿದಳೋ, ಅವಳನ್ನೇ ಕೇಳಬೇಕು. ಕುರಿಗಳ ನಡುವೆ ನುಗ್ಗಿ, ಒಬ್ಬರ ಕಾಲ ಕೆಳಗೆ ನುಸುಳಿ, ಉಂಡೆ ಹಿಡಿದು, ನೂಲನ್ನು ಸುತ್ತುತ್ತಾ ಸುತ್ತುತ್ತಾ ಗೋಡೆಯವರೆಗೆ ಬಂದಳು. ಬಂದವಳು ಉಂಡೆಯನ್ನು ಕೆಳಗಿಡಲಿಲ್ಲ. ಸಂಜೆಯವರೆಗೆ ಹಿಡಿದುಕೊಂಡು, ಬೇಕಾದಷ್ಟು ನೂಲು ಬಿಡುತ್ತಾ, ಬೈಯುತ್ತಾ ಕೂತಳು.

"ಸೋತಿದೀಯ ಮಾತ್ರ," ಅನ್ನುತ್ತಿದ್ದಳು ನಡುನಡುವೆ.

"ಹೂಂ ಕಣೇ, ಸೋತಿದೀನಿ. ಸ್ವಲ್ಪ ಸಡಿಲ ಬಿಡು."

ಚಳಿಗಾಲದ ಮೊದಲ ಕೂಟ ಸಾಲ್ವೋರ್‌ಳ ಮನೆಯಲ್ಲಿ ನಡೆಯಿತು. ಮಾತಿಗೆ ತಪ್ಪದೆ ಏಳು ಬಗೆಯ ಕೇಕು ಮಾಡಿದ್ದಳು. ಜೊತೆಗೆ ಮೇಜಿನ ನಡುವೆ ಒಂದು ಬುಟ್ಟಿ: ಮೋಟಾರಿನ ಹೊದಿಕೆ, ಗಾಳದ ಚೀಲ, ಕೆಟಲಿನ ಟೋಪಿ, ಹೀಗೆ ಅವಳ ಅರ್ಧಂಬರ್ಧ ಸಂಸಾರವೆಲ್ಲ ಅದರಲ್ಲಿತ್ತು, ಕಡ್ಡಿಗಳ ಸಮೇತ. "ಇಷ್ಟ ಇದ್ರೆ," ಅಂದಳು ಅಷ್ಟೆ. ಹೆರ್ದಿಸ್ ಮೊದಲು ಕೈ ಹಾಕಿದಳು. ಕಡ್ಡಿಯನ್ನು ಅಭ್ಯಾಸಬಲದಿಂದ ಒಮ್ಮೆ ಕೇಕಿಗೆ ಚುಚ್ಚಿ, ಒರೆಸಿ, ಹೆಣೆಯತೊಡಗಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಒಡ್ನಿ ಕೊನೆಗೆ ಟೋಪಿಯನ್ನು ಎತ್ತಿಕೊಂಡಳು. "ಇದು ಏನು? ಕಾಲುಚೀಲನಾ? ಅಯ್ಯೋ ದೇವ್ರೇ, ಯಾವ ಕಾಲಿಗೆ?"

ಕೂಟದ ಚರಿತ್ರೆಯಲ್ಲಿ ಮೊದಲ ಸಲ ಕೇಕು ಉಳಿಯಿತು.

ಉಳಿದದ್ದರ ವಾಸನೆ ಹಿಡಿದು ಕೇಟಿಲ್ ಒಳಗೆ ಬಂದ. ಸ್ವೆಟರು ತೊಟ್ಟಿದ್ದ, ಎರಡು ತೋಳೂ ಬೆರಳಿನ ಗೆಣ್ಣಿನವರೆಗೆ ಸಮವಾಗಿ ಇಳಿದಿದ್ದವು. ತಟ್ಟೆ ತುಂಬಿಸಿಕೊಂಡು ಕೂತು ಸುತ್ತ ನೋಡಿದ. ಹತ್ತು ಹೆಂಗಸರು, ಇಪ್ಪತ್ತು ಕೈ, ಎಲ್ಲವೂ ನೂಲಿನಲ್ಲಿ ಸಿಕ್ಕಿಕೊಂಡಿವೆ, ಎದ್ದು ಓಡುವಂತಿಲ್ಲ. ಇಂಥ ಅವಕಾಶ ಮನುಷ್ಯನಿಗೆ ಮತ್ತೆ ಬರುವುದಿಲ್ಲ. ಗಂಟಲು ಸರಿಮಾಡಿಕೊಂಡ.

"ನಾನು ಇಪ್ಪತ್ತರ ಹುಡುಗ ಇದ್ದಾಗ, ಬಾಗಿಲಿನಷ್ಟು ದೊಡ್ಡ ಒಂದು ಮೀನು..."

"ಶುರುವಾಯ್ತು!" ಅಂದಳು ಒಡ್ನಿ ಹಣೆ ಚಚ್ಚಿಕೊಳ್ಳಲು ಹೋಗಿ, ಕೈ ಬಿಡುವಿಲ್ಲದೆ. "ಲೇ ಸಾಲ್ವೋರ್, ಇದಕ್ಕೊಂದು ಕೊನೆ ಅಂತ ಇದೆಯೇನೇ?"

"ಇದೆ ಕಣೇ," ಅಂದಳು ಸಾಲ್ವೋರ್, ಕೆನ್ನೆ ತುಸು ಕೆಂಪಾಗಿ. "ಸುಮ್ನೆ ಹೆಣೀತಾ ಇರು. ಬರತ್ತೆ."