ಎರಡು ಕಿಲೋ ಸಾಕ್ಷಿ

ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವುದಕ್ಕೆ ಒಂದು ಕ್ರಮವಿದೆ. ದೇವರು ತನಗೇನಾದರೂ ಒಳ್ಳೆಯದು ಮಾಡಿದ ಎಂದು ಅನ್ನಿಸಿದವರು ಭಾನುವಾರ ಮೂರನೆಯ ಹಾಡು ಮುಗಿದ ಮೇಲೆ ಮುಂದೆ ಹೋಗಿ, ಮೈಕ್ ಹಿಡಿದು, ಆದದ್ದನ್ನು ಎಲ್ಲರೆದುರು ಹೇಳಬೇಕು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಮಾತ್ರ ಯಾವ ಕ್ರಮವೂ ಇಲ್ಲ. ಅದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು.

ನಾನು ತಕ್ಕಡಿ ರಿಪೇರಿ ಮಾಡುವವನು. ಸಭೆಯಲ್ಲಿ ನನ್ನ ಹೆಸರೇ ತಕ್ಕಡಿ ಬ್ರದರ್. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು, ಅದೇನೂ ಸುಳ್ಳಲ್ಲ. ಹತ್ತು ಗ್ರಾಂ ಆಚೀಚೆ ಆದರೆ ಏನು ಗಂಟು ಹೋಗುತ್ತೆ ಎನ್ನುವ ಅಂಗಡಿಯವನನ್ನು ಕಂಡರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ವರ್ಷ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಕೊಯ್ದು ತೆಗೆದರು, ತಿಂಗಳುಗಟ್ಟಲೆ ಔಷಧಿ ಏರಿಸಿದರು. ಐವತ್ತೆಂಟು ಕಿಲೋ ಇದ್ದವಳು ನಲವತ್ತೊಂದಕ್ಕೆ ಇಳಿದಳು. ಪ್ರತಿ ಶನಿವಾರ ಬೆಳಿಗ್ಗೆ ನಾನೇ ಅವಳನ್ನು ವರ್ಕ್‌ಶಾಪಿನ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಿದ್ದೆ. ಅದಕ್ಕೂ ಮೊದಲು ಸೀಲು ಬಿದ್ದ ಇಪ್ಪತ್ತು ಕಿಲೋ ತೂಕದ ಬಟ್ಟನ್ನು ಹಲಗೆಯ ನಾಲ್ಕೂ ಮೂಲೆಗೆ ಇಟ್ಟು ನೋಡುತ್ತಿದ್ದೆ. ನಾಲ್ಕು ಕಡೆಯೂ ಮುಳ್ಳು ಒಂದೇ ಗೆರೆಗೆ ಬಂದರೆ ತಕ್ಕಡಿ ಸರಿಯಿದೆ ಎಂದರ್ಥ.

"ನಾನೇನು ಸಿಮೆಂಟ್ ಮೂಟೆನೇನ್ರೀ?" ಎಂದು ಗೊಣಗುತ್ತ ಅವಳು ಚಪ್ಪಲಿ ಬಿಟ್ಟು ಹತ್ತುತ್ತಿದ್ದಳು.

ಸಭೆಯವರು ಅವಳಿಗಾಗಿ ಉಪವಾಸ ಪ್ರಾರ್ಥನೆ ಶುರುಮಾಡಿದ್ದರು. ಅದರ ನಡುವೆ ಒಂದು ಶನಿವಾರ ಮುಳ್ಳು ಮೇಲೆ ಹೋಯಿತು. ಮರುವಾರ ಇನ್ನೂ ಮೇಲೆ. ಮೂರನೆಯ ವಾರಕ್ಕೆ ಲೆಕ್ಕ ಹಾಕಿದರೆ ಎರಡು ಕಿಲೋ ನಾನೂರು ಗ್ರಾಂ ಹೆಚ್ಚಾಗಿತ್ತು. ಮೂಲೆಗಳನ್ನು ಎರಡೆರಡು ಸಲ ಪರೀಕ್ಷಿಸಿದೆ, ತಕ್ಕಡಿ ನೆಟ್ಟಗಿತ್ತು. ವರ್ಕ್‌ಶಾಪಿನ ಬಾಗಿಲು ಮುಚ್ಚಿ ಹಸುಗೂಸಿನ ಹಾಗೆ ಅತ್ತುಬಿಟ್ಟೆ.

ಮಾರನೆಯ ದಿನ ಮೈಕ್ ಹಿಡಿದು ನಿಂತೆ. "ಮನುಷ್ಯರು ಸುಳ್ಳು ಹೇಳಬಹುದು, ನನ್ನ ತಕ್ಕಡಿ ಹೇಳಲ್ಲ. ಎರಡು ಕಿಲೋ ನಾನೂರು ಗ್ರಾಂ ಬಂದಿದೆ. ಯೇಸು ನನ್ನ ಹೆಂಡತೀನ ವಾಸಿ ಮಾಡಿದಾನೆ!" ಟೈರ್ ಅಂಗಡಿಯ ಮೇಲಿನ ನಮ್ಮ ಆ ಪುಟ್ಟ ಹಾಲಿಗೆ ಹಾಲೇ ಎದ್ದು ನಿಂತು ಸ್ತೋತ್ರ ಸ್ತೋತ್ರ ಎಂದಿತು. ಪಾಸ್ಟರ್ ನನ್ನನ್ನು ತಬ್ಬಿಕೊಂಡರು.

ಹನ್ನೊಂದು ದಿನ ಕಳೆದು ಡಾಕ್ಟರ ಬಳಿ ಹೋದೆವು. ಅವರು ಅವಳ ಹೊಟ್ಟೆಯನ್ನು ಎರಡು ಕಡೆ ಒತ್ತಿ, ಬೆರಳಲ್ಲಿ ತಟ್ಟಿ, ನನ್ನನ್ನು ಹೊರಗೆ ಕರೆದರು. "ಇದು ಮೈ ತುಂಬಿಕೊಂಡಿರೋದಲ್ಲ. ಗಡ್ಡೆ ಹರಡಿದೆ, ಹೊಟ್ಟೇಲಿ ನೀರು ತುಂಬ್ತಾ ಇದೆ."

ತಕ್ಕಡಿ ಸುಳ್ಳು ಹೇಳಿರಲಿಲ್ಲ. ಬೇರೆ ಯಾವ ಗಂಡನಾದರೂ ಹೆಂಡತಿಯ ಸೊರಗಿದ ತೋಳು ನೋಡುತ್ತಿದ್ದ, ಗುಳಿಬಿದ್ದ ಕೆನ್ನೆ ನೋಡುತ್ತಿದ್ದ. ನಾನು ಮುಳ್ಳು ನೋಡಿದೆ. ಕಾಯಿಲೆಯನ್ನೇ ತೂಗಿ, ಅದಕ್ಕೆ ಯೇಸುವಿನ ಹೆಸರು ಅಂಟಿಸಿ, ಊರಿಗೆಲ್ಲ ಸಾರಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ದಡ್ಡತನದ ಪೆಟ್ಟು ನನ್ನ ಮನೆಯೊಳಗೇ ಇರುತ್ತಿತ್ತು. ನಮ್ಮ ಸಭೆಯಲ್ಲಿ ಒಬ್ಬರು ಲಾಂಡ್ರಿ ಅಕ್ಕ ಇದ್ದಾರೆ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು ಅವರ ಕೆಲಸ. ನಾನು ಕೆಲಸಕ್ಕೆ ಹೋದಾಗ ಮನೆಗೆ ಬಂದು ನನ್ನ ಹೆಂಡತಿಗೆ ಸ್ನಾನ ಮಾಡಿಸಿ, ಊಟ ತಿನ್ನಿಸುತ್ತಿದ್ದ ಐದಾರು ಹೆಂಗಸರಲ್ಲಿ ಅವರೇ ಮುಂದಾಳು. ಅವರಿಗೆ ಎದೆಯಲ್ಲಿ ಗಂಟಾಗಿ, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ನನ್ನ ಸಾಕ್ಷಿ ಕೇಳಿದ ಮೇಲೆ ಅವರು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಹಟ ಹಿಡಿದರು. "ತಕ್ಕಡಿ ಬ್ರದರ್ ಹೆಂಡತಿಗೆ ಮಾಡಿದ ಯೇಸು ನನಗೆ ಮಾಡಲ್ವಾ?" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು.

ನಾನು ಪಾಸ್ಟರ್ ಹತ್ತಿರ ಓಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಒದರಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಣ್ಣಿಗೆ ಕಾಣೋದನ್ನ ನಂಬಬೇಡಿ ಬ್ರದರ್. ನೀವು ಸಾಕ್ಷಿ ಹಿಂದಕ್ಕೆ ತಗೊಂಡ್ರೆ ಎಷ್ಟು ಜನರ ವಿಶ್ವಾಸ ಮುರಿದು ಬೀಳುತ್ತೆ ಯೋಚ್ನೆ ಮಾಡಿ. ಆಮೇಲೆ ನಿಮ್ಮ ಮನೆಗೆ ಬಂದು ಸೇವೆ ಮಾಡ್ತಿರೋ ಸಿಸ್ಟರ್‌ಗಳಿಗೆ ನಾನು ಏನಂತ ಸಮಾಧಾನ ಹೇಳಲಿ?"

ಅವರು ಕೆಟ್ಟ ಮನುಷ್ಯರಲ್ಲ. ಕೊನೆಯ ಮಾತನ್ನು ಬಹಳ ಮೆತ್ತಗೆ ಹೇಳಿದರು. ಆದರೆ ಆ ಹೆಂಗಸರು ಬರದಿದ್ದರೆ ನನ್ನ ಹೆಂಡತಿಯ ಗತಿ ಏನು ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂದು ಭಾನುವಾರ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಹೆಂಡತಿಯ ಸಲುವಾಗಿ ಎಂದುಕೊಂಡೆ. ಅದು ಹೇಡಿತನ, ಬೇರೇನೂ ಅಲ್ಲ.

ಡಾಕ್ಟರು ಹೇಳಿದ್ದನ್ನು ಹೆಂಡತಿಗೆ ಅಂದೇ ತಿಳಿಸಿದ್ದೆ. ಅಕ್ಕನ ಹಟದ ವಿಷಯ ಮಾತ್ರ ಅವಳಿಗೆ ಅಕ್ಕನ ಬಾಯಿಂದಲೇ ತಿಳಿಯಿತು. ನಾನು ಕೆಲಸ ಮುಗಿಸಿ ಬಂದು ಕೈ ತೊಳೆಯುತ್ತಿದ್ದಾಗ ಮಂಚದ ಮೇಲಿಂದ ಕೇಳಿದಳು.

"ರೀ, ಅಕ್ಕ ಆಪರೇಷನ್ ಬೇಡ ಅಂತಿದಾರೆ. ನನ್ನ ನೋಡಿಕೊಂಡು."

"ಗೊತ್ತು."

"ಗೊತ್ತಿದ್ದೂ ಸುಮ್ನಿದೀರಾ?"

"ನಿಜ ಹೇಳಿದ್ರೆ ನಾಳೆಯಿಂದ ಇಲ್ಲಿಗೆ ಒಂದು ನರಪಿಳ್ಳೇನೂ ಬರಲ್ಲ. ನಿನ್ನ ಯಾರು ನೋಡ್ಕೋತಾರೆ?"

"ನಾನು ಹೇಗಿದ್ರೂ ಹೊರಟೋಳು. ಅಕ್ಕ ಯಾಕ್ರೀ ಹೋಗಬೇಕು?"

ನನಗೆ ರೇಗಿತು. "ಹೊರಟೋಳು ಅಂತ ಎಷ್ಟು ಸಲೀಸಾಗಿ ಹೇಳ್ತೀಯಲ್ಲ! ಇಷ್ಟೆಲ್ಲ ಆದ ಮೇಲೂ ಆ ನಿನ್ನ ಯೇಸುನ ನಂಬ್ತೀಯಾ?"

"ಸಲೀಸೇನೂ ಅಲ್ಲ. ಹೆದರಿಕೆ ಆಗುತ್ತೆ. ನೋವು ಜಾಸ್ತಿ ಆದಾಗ ಅವನನ್ನ ಬಾಯಿಗೆ ಬಂದಂಗೆ ಬೈದಿದೀನಿ," ಎಂದಳು. ಸ್ವಲ್ಪ ಸುಧಾರಿಸಿಕೊಂಡು, "ಆದ್ರೆ ನಾನು ನಂಬಿರೋದು ಅವನನ್ನ ಕಣ್ರೀ. ನಿಮ್ಮ ಎರಡು ಕಿಲೋನ ಅಲ್ಲ," ಎಂದಳು.

ಆ ಭಾನುವಾರ ಮೂರನೆಯ ಹಾಡಿಗೂ ಕಾಯಲಿಲ್ಲ. ಎರಡನೆಯದು ಮುಗಿಯುತ್ತಿದ್ದಂತೆ ಹೋಗಿ ಮೈಕ್ ಕಿತ್ತುಕೊಂಡೆ. "ನಾನು ಹೇಳಿದ್ದು ತಪ್ಪು. ಅದು ಹೊಟ್ಟೆಯಲ್ಲಿ ತುಂಬಿದ ನೀರು. ನನ್ನ ಹೆಂಡತಿ ಸಾಯ್ತಾ ಇದಾಳೆ. ಅಕ್ಕಾ, ನಿಮಗೆ ಕೈ ಮುಗಿದು ಕೇಳ್ಕೋತೀನಿ, ಆಸ್ಪತ್ರೆಗೆ ಹೋಗಿ." ಮೈಕ್ ಅಷ್ಟರಲ್ಲೇ ಸತ್ತಿತ್ತು, ಯಾರೋ ಸ್ವಿಚ್ ಆರಿಸಿದ್ದರು. ಉಳಿದದ್ದನ್ನು ಕಿರುಚಿ ಹೇಳಿದೆ.

ಲಾಂಡ್ರಿ ಅಕ್ಕ ಎದ್ದು ನಿಂತರು. ಮುಖ ಸುಣ್ಣದಂತೆ ಬಿಳಿಚಿತ್ತು. "ನಿಮ್ಮ ಅವಿಶ್ವಾಸವೇ ಅವಳನ್ನ ಕೊಲ್ತಾ ಇರೋದು," ಎಂದರು. "ನನ್ನನ್ನೂ ಯಾಕೆ ಎಳೀತೀರಾ?" ಪಾಸ್ಟರ್ ಹಾಡುವವರಿಗೆ ಸನ್ನೆ ಮಾಡಿದರು. ನಾನು ಮೆಟ್ಟಿಲಿಳಿಯುವಾಗ ಮೂರನೆಯ ಹಾಡು ಭರ್ಜರಿಯಾಗಿ ಕೇಳುತ್ತಿತ್ತು.

ಸೋಮವಾರದಿಂದ ಯಾರೂ ಬರಲಿಲ್ಲ. ವರ್ಕ್‌ಶಾಪ್ ಮುಚ್ಚಿದೆ. ನಾನೇ ಅವಳ ಮೈ ಒರೆಸಿದೆ, ಗಂಜಿ ಕುಡಿಸಿದೆ, ಹಾಸಿಗೆ ಬದಲಿಸಿದೆ. "ಗ್ರೀಸ್ ತೆಗೆಯೋ ಹಾಗೆ ಉಜ್ಜಬೇಡ್ರೀ," ಎಂದು ನಕ್ಕಳು. ದಿನಾ ಸಂಜೆ ಅಕ್ಕನಿಗಾಗಿ ಪ್ರಾರ್ಥನೆ ಮಾಡುತ್ತಿದ್ದಳು. ತನಗಾಗಿ ಏನೂ ಕೇಳಿಕೊಂಡದ್ದು ನನ್ನ ಕಿವಿಗೆ ಬೀಳಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ, ಉಸಿರು ಸಿಕ್ಕದೆ ಒದ್ದಾಡುತ್ತಲೇ, ಎರಡು ಸಲ ಯೇಸಪ್ಪಾ ಎಂದಳು. ಮೂರನೆಯ ಸಲ ತುಟಿ ಮಾತ್ರ ಆಡಿತು.

ಮಣ್ಣು ಮಾಡುವಾಗ ಪಾಸ್ಟರನ್ನೂ ಸೇರಿಸಿ ಏಳು ಜನ ಇದ್ದೆವು. ಲಾಂಡ್ರಿ ಅಕ್ಕ ಬಂದಿರಲಿಲ್ಲ. ಅಂದಿನಿಂದ ನಾನು ಯೇಸುವಿನ ಜೊತೆ ಮಾತು ಬಿಟ್ಟೆ. ಊಟಕ್ಕೆ ಮುಂಚೆ ಒಂದು ಸ್ತೋತ್ರವನ್ನೂ ಹೇಳಲಿಲ್ಲ. ಅವಳ ಬೈಬಲ್ಲನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದೆ.

ಆದರೂ ಅಕ್ಕನ ಆಪರೇಷನ್ನಿನ ದಿನ ನನಗೆ ಬಾಯಿಪಾಠವಾಗಿತ್ತು. ಆ ಬೆಳಿಗ್ಗೆ ಕಾಲು ತಾನಾಗಿ ಆಸ್ಪತ್ರೆಗೆ ನಡೆಯಿತು. ಬಂದಿರುವುದಿಲ್ಲ ಎಂದುಕೊಂಡೇ ಹೆಂಗಸರ ವಾರ್ಡಿನ ಬಾಗಿಲಲ್ಲಿ ಇಣುಕಿದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ, ಹಸಿರು ಗೌನು ಹಾಕಿಕೊಂಡು, ಅವರು ಒಬ್ಬರೇ ಕೂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿದರು.

"ನಿಮ್ಮ ಮಾತು ಕೇಳಿ ಬಂದೆ ಅಂದ್ಕೋಬೇಡಿ. ಹೆದರಿಕೆ ಆಯ್ತು, ಬಂದೆ. ಸಭೇಲಿ ಯಾರಿಗೂ ಹೇಳಿಲ್ಲ." ಗೌನಿನ ದಾರ ಎಳೆದರು. "ಯೇಸುನ ಕೈ ಬಿಟ್ಟು ಬಂದಿದೀನಿ ನಾನು. ಇನ್ನು ಯಾವ ಬಾಯಲ್ಲಿ ಅವನನ್ನ ಕರೀಲಿ? ನೀವೇ ಒಂದು ಪ್ರಾರ್ಥನೆ ಮಾಡಿ."

ಜಗತ್ತಿನಲ್ಲಿ ಕೇಳಬಾರದವನನ್ನೇ ಕೇಳಿದ್ದರು. ಆಗದು ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ನರ್ಸ್ ಟ್ರಾಲಿ ತಳ್ಳಿಕೊಂಡು ಬಂದು, ಬೇಗ ಬೇಗ ಎಂದಳು. ಕಣ್ಣು ಮುಚ್ಚಿದೆ.

"ಯೇಸಪ್ಪಾ, ನಿನ್ನ ಮೇಲೆ ನನಗೆ ಕೆಟ್ಟ ಸಿಟ್ಟಿದೆ. ಅವಳು ಕೊನೇವರೆಗೂ ನಿನ್ನ ಬಿಡಲಿಲ್ಲ, ನೀನು ಅವಳನ್ನ ಉಳಿಸಲಿಲ್ಲ. ಯಾಕೆ ಅಂದ್ರೆ ಹೇಳೋದೂ ಇಲ್ಲ. ಆದ್ರೂ ನಿನ್ನ ಹತ್ರಾನೇ ಬಂದಿದೀನಿ, ನನಗೆ ಇನ್ಯಾರೂ ಇಲ್ಲ. ಈ ಅಕ್ಕ ನಿನ್ನ ಕೈ ಬಿಟ್ಟಿಲ್ಲ, ತಪ್ಪು ನಂದು. ಇವರ ಜೊತೆ ಒಳಗೆ ಹೋಗು."

ಅಕ್ಕ ಟ್ರಾಲಿಯ ಮೇಲೆ ಮಲಗಿ ನನ್ನನ್ನೇ ನೋಡಿದರು. "ವಾಸಿಯಾಗ್ತೀನಿ ಅಂತ ಹೇಳಲಿಲ್ಲ ನೀವು."

"ಅದು ನನಗೆ ಗೊತ್ತಿಲ್ಲ ಅಕ್ಕಾ."

ಅವರು ಹಲ್ಲು ಕಚ್ಚಿ ಹಿಡಿದು, ಆಮೆನ್ ಎಂದರು. ಟ್ರಾಲಿ ಬಾಗಿಲಾಚೆ ಹೋಯಿತು. ಅವರು ಹೊರಗೆ ಬರುವವರೆಗೂ, ಸುಮಾರು ನಾಲ್ಕು ಗಂಟೆ, ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅವನ ಜೊತೆ ಜಗಳವಾಡಿದೆ.